ಹಾಲಿನ ತೊಟ್ಟಿಯ ಬಿಯರ್

ಸೆಪ್ಟೆಂಬರ್ 14

ತೊಟ್ಟಿಯ ಕಾಲು ಮತ್ತೆ ಕುಯ್ದೆ. ಈಗ ಸೊಂಟದ ಮಟ್ಟಕ್ಕೆ ಬಂದಿದೆ. ದನ ಮಾರಿದವರಿಂದ ತಂದ ಸ್ಟೀಲಿನ ಹಾಲಿನ ತೊಟ್ಟಿ. ಅಪ್ಪ ಬಿಯರ್ ಕಾಯಿಸುತ್ತಿದ್ದ ತಾಮ್ರದ ಹಂಡೆ ಹಿತ್ತಲ ಮನೆಯಲ್ಲೇ ಇದೆ. ಸೌದೆ ಒಡೆದು, ಬಕೆಟ್ಟು ಬಕೆಟ್ಟು ನೀರೆತ್ತಿ ಸುರಿಯುವ ತೋಳು ಈಗಿಲ್ಲ. ಗಂಟಲಿನ ಗಡ್ಡೆಗೆಂದು ಬೇಸಿಗೆಯಿಡೀ ಏರಿಸಿದ ಔಷಧಿ ತೋಳನ್ನು ತೆಗೆದುಕೊಂಡು ಹೋಯಿತು. ನಾಲಿಗೆಯನ್ನೂ, ಮೂಗನ್ನೂ. ಕಾಫಿ ಬಿಸಿ ಎಂದಷ್ಟೇ ತಿಳಿಯುತ್ತದೆ.

ಆದ್ದರಿಂದ ಹೀಟರು, ಪಂಪು, ಸ್ವಿಚ್ಚು.

ಪಕ್ಕದ ಮನೆಯ ಹಾಲ್ದೋರ್ ಬಂದ. ತೊಟ್ಟಿಯ ಸುತ್ತ ಒಂದು ಪ್ರದಕ್ಷಿಣೆ.

"ಏನಯ್ಯಾ ಇದು? ಬಿಯರ್ ಮಾಡೋಕೋ, ಹಸು ತೊಳೆಯೋಕೋ?"

"ಅಂಗಡಿಯ ಯೀಸ್ಟ್ ಪ್ಯಾಕೆಟ್ಟನ್ನೇ ಹೆಪ್ಪು ಹಾಕೋನಿಗೆ ಏನು ಗೊತ್ತಾಗುತ್ತೆ, ಹೋಗೋ."

"ಪ್ಯಾಕೆಟ್ಟೋ ಗೀಕೆಟ್ಟೋ, ನನ್ನದು ಕುಡಿದವರು ಮಾರನೇ ದಿನ ಎದ್ದು ಓಡಾಡ್ತಾರೆ ನೀಲ್ಸ್."

ಮೂವತ್ತು ವರ್ಷದಿಂದ ಇದೇ ಮಾತು. ನನ್ನ ಬಿಯರ್ ಒಂದು ವರ್ಷ ಕರುವಿನ ಉಚ್ಚೆ, ಒಂದು ವರ್ಷ ಕಾಲು ತೊಳೆದ ನೀರು. ಎರಡನೇ ಬಟ್ಟಲು ಮೊದಲು ಕೇಳುವವನು ಮಾತ್ರ ಅವನೇ.

ಸೆಪ್ಟೆಂಬರ್ 23

ದೋಣಿ ಎಳೆಯುವ ರಾಟೆಯನ್ನು ತೊಲೆಗೆ ಕಟ್ಟಿದೆ. ನೆಂದ ಬಾರ್ಲಿಯ ಚೀಲ ಎತ್ತಲು. ಕಟ್ಟುವಾಗ ತಿರುಗಿಸಲು ಆಗುತ್ತಿತ್ತು. ಇವತ್ತು ಆಗಲಿಲ್ಲ. ಮೋಟಾರು ಹಾಕಬೇಕು. ತೊಟ್ಟಿಯನ್ನು ಇನ್ನೂ ಇಳಿಸಬೇಕು, ಸ್ಟೂಲಿನ ಮೇಲೆ ಕೂತರೆ ಕೈಗೆಟುಕುವಷ್ಟು.

ನನ್ನ ಅಳತೆಗೆ ಏನನ್ನು ಮಾಡಿದರೂ, ಮುಗಿಯುವ ಹೊತ್ತಿಗೆ ಅಳತೆ ಹಳೆಯದು.

ಅಕ್ಟೋಬರ್ 17

ಬರ್ಗನ್ನಿನ ಆಸ್ಪತ್ರೆಯಿಂದ ವಾಪಸು. ಡಾಕ್ಟರು ವಸಂತದ ಮಾತೆತ್ತಲಿಲ್ಲ. "ಕ್ರಿಸ್‌ಮಸ್ ಮನೇಲೇ ಮಾಡಿ," ಎಂದರು. ರೈಲಿನಲ್ಲಿ ಹೆಂಡತಿ ಸಿಗ್ನೆ ಕಿತ್ತಳೆ ಸುಲಿದಳು, ತೊಳೆ ಬಿಡಿಸಿ ನನ್ನ ಕೈಗಿಟ್ಟಳು. ತಿಂದೆ. ನೀರು.

ಅಕ್ಟೋಬರ್ 20

ಬಿಯರಿನ ಹೆಪ್ಪು ಕಾಪಿಡುವ ಅಪ್ಪನ ಸರ ಅಟ್ಟದಿಂದ ಇಳಿಸಿದೆವು. ಬರ್ಚ್ ಮರದ ತುಂಡು ಪೋಣಿಸಿದ್ದು, ಸಂದುಗಳಲ್ಲಿ ಒಣಗಿದ ಹೆಪ್ಪು. ಅಪ್ಪನಿಗೆ ಅವನ ಅಮ್ಮನಿಂದ ಬಂದದ್ದು. ಹಿಂದೆ ಊರಲ್ಲಿ ಯಾರದು ಕೆಟ್ಟರೂ ಇನ್ನೊಬ್ಬರಿಂದ ತರುತ್ತಿದ್ದರು. ಈಗ ಎಲ್ಲರದೂ ಪ್ಯಾಕೆಟ್ಟು. ನಮ್ಮದು ಕೆಟ್ಟರೆ ತರಲು ಮನೆಯಿಲ್ಲ. ಕಳೆದ ವರ್ಷ ಬಿಯರ್ ಮಾಡಲಾಗಲಿಲ್ಲ. ಇದು ಒಣಗಿ ಎರಡು ವರ್ಷ.

ಹೆಪ್ಪು ಎದ್ದರೆ ಸರವನ್ನು ಹೊಸ ಹೆಪ್ಪಿನಲ್ಲಿ ಅದ್ದಿ ಒಣಗಿಸಿ ಸಿಗ್ನೆಗೆ ಬಿಡಬೇಕು. ಬಿಯರ್ ಹುಳಿಯಾದರೆ ಸರ ಬೆಂಕಿಗೆ. ಅದನ್ನು ಹೇಳಬೇಕಾದ ನಾಲಿಗೆ ನನ್ನದಲ್ಲ ಈಗ. ಮೂರನೇ ದಿನ ನೆರೆಯವರು ರುಚಿ ನೋಡಲು ಬರುತ್ತಾರಲ್ಲ... ಹಾಲ್ದೋರ್ ಇದ್ದಾನೆ. ಅವನು ಬಿಡುವವನಲ್ಲ.

ನವೆಂಬರ್ 2, ಸಂಜೆ

ಆಯಿತು. ನೀರಿಗೆ ಘಮ ಕೊಡುವ ಜೂನಿಪರ್ ಸೊಪ್ಪು ಸಿಗ್ನೆ ಕಡಿದು ತಂದಳು. ಚೀಲವನ್ನು ಮೋಟಾರು ಎತ್ತಿತು, ಪಂಪು ತಿರುಗಿತು. ಸ್ಟೂಲಿನ ಮೇಲೆ ಕೂತು ಸ್ವಿಚ್ಚು ಒತ್ತಿದೆ, ರೈಲ್ವೆ ಗೇಟಿನವನ ಹಾಗೆ.

ಸರ ಮುಳುಗಿಸುವಾಗ ಕಿರುಚಬೇಕು. ಇಲ್ಲದಿದ್ದರೆ ಹೆಪ್ಪು ಏಳುವುದಿಲ್ಲ ಎನ್ನುತ್ತಿದ್ದ ಅಪ್ಪ. ಬಾಯಿ ತೆರೆದೆ. ಬರೀ ಗಾಳಿ ಬಂತು.

"ನಾನು ಕೂಗ್ಲಾ?" ಅಂದಳು ಸಿಗ್ನೆ.

"ಕೂಗು."

ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳ ಆ ದನಿ ಕೇಳಿರಲಿಲ್ಲ. ನಾಯಿ ಮೇಜಿನಡಿ ಸೇರಿತು. ಕೂಗಿದ ಮೇಲೂ ಅವಳ ಬಾಯಿ ತೆರೆದೇ ಇತ್ತು.

ಈಗ ನೊರೆ ಕಟ್ಟಿದೆ. ಕಿವಿಯಿಟ್ಟರೆ ಸಣ್ಣಗೆ ಸದ್ದು. ಎದ್ದಿದೆ.

ನವೆಂಬರ್ 4

ನೆರೆಯವರು ಬಂದರು. ಬಟ್ಟಲು ಕೈಯಿಂದ ಕೈಗೆ ಹೋಯಿತು. ಹಾಲ್ದೋರ್ ಕುಡಿದ, ಮೀಸೆ ಒರೆಸಿಕೊಂಡ. ನಾನು ಕಾದೆ.

"ಚೆನ್ನಾಗಿದೆ ನೀಲ್ಸ್," ಎಂದ. "ತುಂಬಾ ಚೆನ್ನಾಗಿದೆ ಕಣೋ."

ಎಲ್ಲರೂ ತಲೆಯಾಡಿಸಿದರು. ಎರಡನೇ ಬಟ್ಟಲನ್ನು ಅವನು ಒಂದೇ ಗುಟುಕಿಗೆ ಮುಗಿಸಿದ, ಮಗು ಔಷಧಿ ಕುಡಿಯುವ ಹಾಗೆ. ಆಮೇಲೆ ಯಾರೂ ಕೇಳದಿದ್ದರೂ ಎದ್ದು ಸರವನ್ನು ತೊಟ್ಟಿಯ ತಳದ ಹೆಪ್ಪಿನಲ್ಲಿ ಅದ್ದಿದ, ಒಲೆಯ ಮೇಲಿನ ಮೊಳೆಗೆ ತಾನೇ ನೇತುಹಾಕಿದ. ಸಿಗ್ನೆ ಕಿಟಕಿಯಾಚೆ ನೋಡುತ್ತಿದ್ದಳು.

ಹೋಗುವಾಗ ಎಲ್ಲರೂ ನನ್ನ ಕೈ ಹಿಡಿದುಕೊಂಡರು. ಎರಡೂ ಕೈಯಲ್ಲಿ.

ನವೆಂಬರ್ 5

"ಹುಳಿನಾ?"

ಸಿಗ್ನೆ ಪಾತ್ರೆ ತೊಳೆಯುತ್ತಿದ್ದಳು.

"ಸ್ವಲ್ಪ."

"ಎಷ್ಟು ಸ್ವಲ್ಪ?"

"ಅವರು ನಿನ್ನ ನೋಡೋಕೆ ಬಂದಿದ್ರು ನೀಲ್ಸ್. ಬಿಯರ್‌ಗಲ್ಲ."

ನವೆಂಬರ್ 9

ಹಾಲ್ದೋರ್‌ಗೆ ಹೇಳಿಕಳಿಸಿದೆ. ಟೋಪಿ ಕೈಯಲ್ಲಿ ಹಿಡಿದು ಒಳಬಂದ. ಈ ಮನೆಯಲ್ಲಿ ಅವನು ಯಾವತ್ತೂ ಟೋಪಿ ತೆಗೆದವನಲ್ಲ.

"ಹೇಳು."

"ಏನ್ ಹೇಳ್ಲಿ?"

"ಹೇಗಿತ್ತೋ ಹಾಗೆ. ಪ್ರತಿ ವರ್ಷ ಬೈದಿದ್ದೀಯಲ್ಲ."

ಅವನು ತೊಟ್ಟಿಯ ಕಡೆ ನೋಡಿದ. "ಕರು ಕೂಡ ಇಂಥಾ..." ಎಂದು ಶುರುಮಾಡಿದ. ಮಂಡಿಯೂರಿ, ಒಳಗಿನ ಕವಾಟ ಮುಚ್ಚಿ ತೊಟ್ಟಿಯ ನಲ್ಲಿ ಬಿಚ್ಚಿದ. ಅದರೊಳಗಿನ ರಬ್ಬರ್ ಬಳೆಯನ್ನು ಉಗುರಿನಿಂದ ಎಬ್ಬಿಸಿ ತೆಗೆದು ಮೇಜಿನ ಮೇಲಿಟ್ಟ. ಅಡಿಯಲ್ಲಿ ಕಂದು ಬಣ್ಣದ ಲೋಳೆ. ಹಳೇ ಹಾಲು. ನಾನು ನಲ್ಲಿಯನ್ನು ಮೂರು ಸಲ ತೊಳೆದಿದ್ದೆ, ಬಿಚ್ಚಿರಲಿಲ್ಲ. ಮೂಗಿದ್ದಿದ್ದರೆ ಮೊದಲ ದಿನವೇ ತಿಳಿಯುತ್ತಿತ್ತು.

ಅಂದರೆ ಹೆಪ್ಪು ಸರಿಯಾಗಿಯೇ ಎದ್ದಿತ್ತು. ಎರಡು ವರ್ಷ ಒಣಗಿಯೂ. ಹಂಡೆಯಲ್ಲಾಗಿದ್ದರೆ...

"ಇದನ್ನ ನಾನು ಅವತ್ತೇ ಹೇಳ್ಬೇಕಿತ್ತು," ಎಂದ.

"ಹೇಳಿದ್ದರೂ ಇದೇ ಆಗ್ತಿತ್ತು."

ಟೋಪಿ ಹಾಕಿಕೊಳ್ಳದೆ ಹೊರಗೆ ಹೋದ.

ನವೆಂಬರ್ 11

ಹುಳಿ ಹತ್ತಿದ ಸರ ಒಲೆಗೆ ಹೋಯಿತು. ಸಂದುಗಳಲ್ಲಿ ಇನ್ನೂ ಹಸಿ ಇತ್ತು. ಬೆಂಕಿ ಹಿಡಿಯಲು ತಡವಾಯಿತು.

ಕಿಟಕಿಯ ಬಳಿ ಕುರ್ಚಿ ಹಾಕಿಸಿಕೊಂಡು ಕೂತಿದ್ದೇನೆ. ಸಿಗ್ನೆ ತೊಟ್ಟಿಯ ಪೈಪನ್ನು ಹೊರಗೆ ಹಿಮದ ಮೇಲೆ ಬಿಟ್ಟಿದ್ದಾಳೆ. ಹರಿದಲ್ಲಿ ಹಿಮ ಕಂದಾಗಿ ಕುಸಿಯುತ್ತಿದೆ. ನಾಯಿ ಹತ್ತಿರ ಹೋಯಿತು, ಮೂಸಿತು, ಹಿಂದೆ ಬಂತು. ವಾಸನೆ ಜೋರಿರಬೇಕು. ಸಿಗ್ನೆ ಅದರ ಮಧ್ಯೆಯೇ ನಿಂತಿದ್ದಾಳೆ. ಮೂಗು ಮುಚ್ಚಿಕೊಂಡಿಲ್ಲ. ನಾನು ನೋಡುತ್ತಿದ್ದೇನೆ ಎಂದು ಗೊತ್ತು ಅವಳಿಗೆ. ನಾನು ಈ ಕಡೆ ತಿರುಗಿದರೆ ಅವಳು ಒಮ್ಮೆ ಮೂಗು ಮುಚ್ಚಿಕೊಳ್ಳಬಹುದು.