ಮೋನಮ್ಮಗ ತೋರಿಸಿದ ವಿಮಾನ

ಏಪ್ರಿಲ್ 17, ಗುರುವಾರ

ಕಂಪ್ಯೂಟರದಾಗ ವಿಮಾನದ ಎಡ ರೆಕ್ಕಿ ಕೆಳಗಿನ ಎಣ್ಣಿ ಕಲಿ ಮತ್ತ ಅಳಿಸಿ ಮತ್ತ ಬಳದೆ. ಈಗ ಸರಿ ಅನಸ್ತದ. ಹಾರೋ ವಿಮಾನದಾಗ ಎಣ್ಣಿ ಹಿಂದಕ್ಕ ಓಡ್ತದ, ಕೆಳಗ ಇಳಿಯಂಗಿಲ್ಲ — ಇದು ಟೊಮಾಶ್ ಹೇಳಿದ್ದು. ಪೋಲಂಡದವ, ಇಂಟರ್ನೆಟ್ಟಿನಾಗ ಕೂಡಿದ ನಮ್ಮ ಗುಂಪಿನ ಹಿರಿಯ. ಮಾರಿ ನೋಡಿಲ್ಲ. ನನ್ನ ತಪ್ಪಿಗೆಲ್ಲ ಕೆಂಪು ಗೆರಿ ಹಾಕಿ ಕಳಸ್ತಾನ, ಕೆಳಗ ಒಂದು ನಗೋ ಮಾರಿ ಇಟ್ಟಿರ್ತಾನ. ಎಂಥಾ ತಾಳ್ಮಿ ಅಂತೀನಿ.

ಮುಂಜಾನೆ ಮದುವಿ ಕಾರ್ಡು, ಒಂದು ಬರ್ತ್‌ಡೇ ಫ್ಲೆಕ್ಸ್ ಮಾಡಿದೆ. ಅದು ಹೊಟ್ಟಿಗಿ. ಉಂಡ ಮ್ಯಾಲೆ ಈ ಜಾಗ್ವಾರ್ ವಿಮಾನ. ಇದು ಜೀವಕ್ಕ. ಸಣ್ಣಾಕಿ ಇದ್ದಾಗ ಮಾಳಿಗಿ ಮ್ಯಾಲೆ ಹಪ್ಪಳ ಕಾಯೋವಾಗ ಬೀದರ ಏರ್‌ಫೋರ್ಸ್ ಕಡಿಂದ ವಿಮಾನ ಬರ್ತಿದ್ವು. ಅವನ್ನ ನೋಡೋದ್ರಾಗ ಹಪ್ಪಳ ಕಾಗಿ ತಿಂದು ಹೋಗಿರ್ತಿದ್ವು.

ಅತ್ತಿ ಕನ್ನಡಕ ಹಾಕ್ಕೊಂಡು ಹಿಂದ ಬಂದು ನಿಂತ್ರು.

"ಇದು ಯಾರ ಮದುವಿದು?"

"ಮದುವಿದಲ್ಲ ಅಮ್ಮಿ. ಕಂಪ್ಯೂಟರದಾಗ ವಿಮಾನ ಹಾರಸೋ ಸಿಮ್ಯುಲೇಟರ್ ಅಂತ ಇರ್ತದ. ಅದರಾಗ ಹಾಕೋ ಮಿಲಿಟ್ರಿ ವಿಮಾನ ನಾವು ಮಾಡ್ತೀವಿ."

"ಎಷ್ಟು ಕೊಡ್ತಾರ?"

"ಏನಿಲ್ಲ. ಯಾರ ಬೇಕಾದ್ರೂ ಪುಕ್ಕಟ ತಗೋಬಹುದು."

ಅಮ್ಮಿ ಸ್ವಲ್ಪ ವಿಚಾರ ಮಾಡಿದ್ರು. "ಹಂಗಾದ್ರ ಪುಣ್ಯ ಬರೋ ಕೆಲಸ," ಅಂದು ನಮಾಜಿಗಿ ಹೋದ್ರು. ಜಾಗ್ವಾರಿಗಿ ಪುಣ್ಯ... ಇರ್ಲಿ, ಬಂದ್ರ ಬ್ಯಾಡ ಅನ್ನಂಗಿಲ್ಲ.

ಏಪ್ರಿಲ್ 20, ರವಿವಾರ

ಬುದ್ಧಪ್ರಿಯ ಸರ್ ಸುರಪುರದಿಂದ ಬಂದಿದ್ರು. ಪಿಯು ಕಾಲೇಜಿನಾಗ ಫಿಸಿಕ್ಸ್ ಕಲಸ್ತಾರ. ವಿಮಾನದ ಬಣ್ಣ ನಂದು, ಹಾರಾಟ ಅವರದು — ತೂಕ, ಗಾಳಿ, ಯಾವ ಸ್ಪೀಡಿಗಿ ಮೂಗು ಕೆಳಗ ಹಾಕ್ತದ, ಎಲ್ಲಾ ಅವರ ಲೆಕ್ಕ. ಒಂದ ಜಿಲ್ಲಾದಾಗ ಇಂಥಾ ಹುಚ್ಚರು ಇಬ್ಬರು ಸಿಕ್ಕಿದ್ದು ನಸೀಬ.

ಇವತ್ತು ಡ್ಯಾಮೇಜ್ ಟೆಸ್ಟ್. ಪೆಟ್ಟು ಬಿದ್ರ ವಿಮಾನ ಹೆಂಗ ಉರಿಬೇಕು, ಹೆಂಗ ತಿರಗಿ ಬೀಳಬೇಕು. ಆಟದಾಗ ಕತ್ತಲಿ ಮಾಡಿ ಬೆಂಕಿ ಹಚ್ಚಿದ್ವಿ. ಛಂದ ಬಂತು... ಬೀಳೋದು ಛಂದ ಬಂತು ಅಂತ ಬರಿಯೋದು ಒಂಥರಾ. ವಿಡಿಯೋ ಮಾಡಿ ಗುಂಪಿನ ಚಾನೆಲಿಗಿ ಹಾಕಿದೆ. ಮ್ಯಾಲೆ ಇಂಗ್ಲಿಷಿನಾಗ ದಪ್ಪಗ ಬರದೀನಿ — ಇದು ಸಿಮ್ಯುಲೇಟರ್, ಖರೇ ವಿಮಾನ ಅಲ್ಲ.

ಸರ್ ಅಂದ್ರು, "ಅಕ್ಕಾರ, ಪೈಲಟ್ ಗೊಂಬಿ ಯಾವಾಗ ಮಾಡೋದು? ಸೀಟ್ ಖಾಲಿ ಅದ, ದೆವ್ವ ನಡಸಿದಂಗ ಕಾಣ್ತದ."

ಆಗ್ತದ. ಮೊದಲ ಗಾಲಿ ಮುಗೀಲಿ.

ಮೇ 1

ಟಿವಿ ತುಂಬ ಗಡಿ ಸುದ್ದಿ. ನಮ್ಮ ಮನಿಯವರು ಮೋಟಾರ್ ವೈಂಡಿಂಗ್ ಅಂಗಡಿ ಲಗೂನ ಮುಚ್ಚಿ ಬಂದು ರಿಮೋಟ್ ಹಿಡದು ಕೂಡ್ತಾರ.

ಮುಂಜಾನೆ ಹಾಲು ಹಾಕಾಕ ಬಂದ ಮೋನಮ್ಮ ಕಟ್ಟಿ ಮ್ಯಾಲೆ ಕೂತೇ ಬಿಟ್ಲು. ಬಾಜೂ ಊರು ಮುದನಾಳದಾಕಿ. ಮಗ ಮರಿಲಿಂಗಪ್ಪ ಏರ್‌ಫೋರ್ಸಿನಾಗ ಅದಾನ. ಏನ್ ಕೆಲಸ ಅಂದ್ರ 'ವಿಮಾನದಾಗ' ಅಂತಾಳ, ಆಕಿಗಿ ಅಷ್ಟ ಗೊತ್ತು.

"ಫೋನ್ ಹತ್ತವಲ್ದು ಯವ್ವಾ."

"ಇಂಥಾ ಟೈಮಿನಾಗ ಫೋನ್ ಬಳಸಾಕ ಬಿಡಂಗಿಲ್ಲ ಅವ್ವಾ. ತಾನ ಮಾಡ್ತಾನ."

ಹೇಳಿದೆ. ನನಗೇನ್ ಗೊತ್ತು?

ಮೇ 8, ಮಧ್ಯಾಹ್ನ

ಅಮ್ಮಿ ಫೋನ್ ಹಿಡಕೊಂಡು ಅಳಾಕತ್ತಿದ್ರು. ವಾಟ್ಸಾಪಿನಾಗ ವಿಡಿಯೋ. ಕತ್ತಲಿ ಆಕಾಶ, ಬೆಂಕಿ ಹತ್ತಿದ ವಿಮಾನ, ತಿರಗಿ ತಿರಗಿ ಕೆಳಗ. ಅದರ ಕೆಳಗ ಬರದಾರ — ನಮ್ಮ ಜಾಗ್ವಾರ್ ಬಿತ್ತು, ಒಳಗಿದ್ದವರು ಹುತಾತ್ಮರು.

"ಯಾವ ತಾಯಿ ಮಗನೋ," ಅಂತ ಅಮ್ಮಿ ಕೈ ಎತ್ತಿ ದುವಾ ಮಾಡಾಕತ್ತಿದ್ರು.

ಬೆಂಕಿ ಬೆಳಕಿನಾಗ ಎಡ ರೆಕ್ಕಿ ಕೆಳಗ ಎಣ್ಣಿ ಕಲಿ. ನಾ ಬಳದ ಕಲಿ. ಮ್ಯಾಲಿನ ಅಕ್ಷರ ಕತ್ತರಿಸಿ ಒಗದಾರ.

ಫೋನ್ ಇಸಕೊಂಡು ಇನ್ನೊಮ್ಮಿ ನೋಡಿದೆ.

ಮನಿಯವರಿಗಿ ಹೇಳಿದೆ. ಬಾಗಿಲಾ ಹಾಕಿ ಬಂದು ಕೂತ್ರು.

"ಸುಮ್ಮನಿರು ನುಜ್ಹತ. ಈ ದಿನದಾಗ ನಮ್ಮ ಹೆಸರಿನವರು ಎದ್ದು ನಿಂತು 'ನಾ ಮಾಡಿದ್ದು' ಅಂದ್ರ ಏನಾಗ್ತದ, ವಿಚಾರ ಮಾಡು."

ಮಾಡಿದೆ. ಅವರು ಹೇಳೋದರಾಗ ಸುಳ್ಳಿಲ್ಲ. ಟೊಮಾಶ್‌ಗ, ಸರ್‌ಗ ಅಷ್ಟ ತಿಳಿಸಿದೆ. ಅಮ್ಮಿಗಿ ಹೇಳಲಿಲ್ಲ.

ಮೇ 9

ಹಾಲು ಬರಲಿಲ್ಲ.

ಮೇ 10, ಶನಿವಾರ

ಇವತ್ತೂ ಇಲ್ಲ. ಕಾಯಿಪಲ್ಲೆ ಮಾರೋ ಗೊಲ್ಲಾಳಮ್ಮನ್ನ ಕೇಳಿದೆ. ಆಕಿಯೂ ಮುದನಾಳದಾಕಿ. ಯಾರೋ ಮೋನಮ್ಮಗ ಆ ವಿಡಿಯೋ ತೋರ್ಸ್ಯಾರಂತ. ಒಳಗಿದ್ದವ ತನ್ನ ಮಗನೇ ಅಂತ ಆಕಿ ನಿಕ್ಕಿ ಮಾಡ್ಯಾಳಂತ. ಊಟಿಲ್ಲ. ಎಮ್ಮಿ ಹಿಂಡಾಕೂ ಏಳವಲ್ಲಳು.

ಮನಿಯವರು ಊಟಕ್ಕ ಬಂದಾಗ ಹೇಳಿದೆ. ಅಷ್ಟ ಹೇಳಿದೆ, ಹೋಗೋಣ ಅನಲಿಲ್ಲ. ಅವರು ರೊಟ್ಟಿ ಅರ್ಧಕ್ಕ ಬಿಟ್ಟು ಕೈ ತೊಳಕೊಂಡ್ರು. ಗಾಡಿ ಹೊರಗ ತಗಿಯೋ ಸಪ್ಪಳಾತು.

"ಲ್ಯಾಪ್‌ಟಾಪ್ ಚಾರ್ಜ್ ಅದೇನು?" ಅಂದ್ರು.

ಈ ಮನಷ್ಯಾನ ಜೋಡಿ ಇಷ್ಟು ವರ್ಷ ಸಂಸಾರ ಮಾಡೀನಿ. ಇವತ್ತು ನೋಡಿದಂಗ ಎಂದೂ ನೋಡಿರಲಿಲ್ಲ.

ಅದ ದಿನ, ಸಂಜಿ

ಮುದನಾಳದಾಗ ಆಕಿ ಮನಿ ಮುಂದ ಮಂದಿ ಕೂಡಿತ್ತು. ಮೋನಮ್ಮ ಕಂಬಕ್ಕ ಆತು ಕೂತಿದ್ಲು. ಯಾರ ಕಡಿ ನೋಡವಲ್ಲಳು. ಲ್ಯಾಪ್‌ಟಾಪ್ ಜ್ವಾಳದ ಚೀಲದ ಮ್ಯಾಲೆ ಇಟ್ಟೆ.

"ಅವ್ವಾ, ಆ ವಿಮಾನ ಖರೇದಲ್ಲ. ನಾ ಮಾಡಿದ್ದು."

ಹಿಂದ ಗುಜುಗುಜು. ಯಾರೋ "ಏನಂದ್ಲು?" ಅಂದ. ಮನಿಯವರು ನನ್ನ ಬೆನ್ನಿಗಿ ಬಂದು ನಿಂತ್ರು.

ಮೊದಲ ಪೂರ್ತಿ ವಿಡಿಯೋ ತೋರಿಸಿದೆ. ಮ್ಯಾಲಿನ ಅಕ್ಷರ ಒಬ್ಬರ ಕಡಿಂದ ಓದಿಸಿದೆ. ಮೋನಮ್ಮಗ ಅಕ್ಷರ ಬರಂಗಿಲ್ಲ, ಆಕಿಗಿ ಅದರಿಂದ ಏನೂ ಆಗಲಿಲ್ಲ. ಆಮ್ಯಾಲೆ ವಿಮಾನನ ತಗದೆ. ಸುತ್ತ ತಿರಗಿಸಿದೆ. ಪೈಲಟ್ ಕೂಡೋ ಜಾಗದ ಮ್ಯಾಲಿನ ಗಾಜು ಎತ್ತಿದೆ.

"ನೋಡು ಅವ್ವಾ, ಒಳಗ ಯಾರ ಅದಾರ?"

ಬಗ್ಗಿ ನೋಡಿದ್ಲು. ಬಾಳ ಹೊತ್ತು ನೋಡಿದ್ಲು.

"ಯಾರಿಲ್ಲ."

"ಆವತ್ತೂ ಯಾರಿರಲಿಲ್ಲ. ಕೂಡಸೋ ಗೊಂಬಿ ನಾವಿನ್ನಾ ಮಾಡೇ ಇಲ್ಲ."

ಬೆಂಕಿ ಹಚ್ಚಿದೆ. ಬಿತ್ತು. ಒಂದು ಬಟನ್ ಒತ್ತಿದೆ, ಹೊಳ್ಳಿ ಬಂದು ರನ್‌ವೇ ಮ್ಯಾಲೆ ನಿಂತಿತು, ಒಂದು ಗೆರಿ ಮುಕ್ಕಾಗಿಲ್ಲ.

"ಇನ್ನೊಮ್ಮಿ ಮಾಡು," ಅಂದ್ಲು. ಮಾಡಿದೆ. ಮತ್ತ ಕೇಳಿದ್ಲು. ಮತ್ತ ಮಾಡಿದೆ. ಬಿದ್ದದ್ದು ಎದ್ದು ನಿಂತಾಗೊಮ್ಮಿ ಆಕಿ ಉಸರು ಬಿಡ್ತಿದ್ಲು.

ಕಡೀಕ ಕೇಳಿದ್ಲು — "ಮತ್ತ ನನ್ನ ಮಗ ಯಾಕ ಫೋನ್ ಮಾಡವಲ್ಲ?"

ಸುಳ್ಳು ಹೇಳೋದು ಸರಳಿತ್ತು.

"ಅದು ನನಗ ಗೊತ್ತಿಲ್ಲ ಅವ್ವಾ. ಈ ವಿಮಾನದಾಗ ಅವ ಇರಲಿಲ್ಲ. ಅಷ್ಟ ಗೊತ್ತು."

ನನ್ನ ಕೈ ಹಿಡಕೊಂಡ್ಲು. ಆಮ್ಯಾಲೆ ತಾನ ಎದ್ದು ಒಲಿ ಹಚ್ಚಿ ಚಾ ಇಟ್ಲು, ಎಲ್ಲರಿಗೂ. ತಾನೂ ಕುಡದ್ಲು.

ಮೇ 12

ಆವತ್ತು ಮಂದ್ಯಾಗ ಯಾರೋ ನನ್ನ ಮಾತು ಫೋನಿನಾಗ ಹಿಡಕೊಂಡಾರ. 'ನಾ ಮಾಡಿದ್ದು' ಅನ್ನೋದಷ್ಟ ಇಟ್ಟು, ಉಳದದ್ದು ಕತ್ತರಿಸಿ ವಾಟ್ಸಾಪಿನಾಗ ಹಾಕ್ಯಾರ. ಯುದ್ಧದ ಸುಳ್ಳು ವಿಡಿಯೋ ಮಾಡಿದಾಕಿ ಯಾದಗಿರಿದಾಕಿ ಅಂತ ಕೆಳಗ ಬರದಾರ.

ಕಾರ್ಡಿನ ಆರ್ಡರ್ ಕೊಟ್ಟವರು ಇಬ್ಬರು ಬ್ಯಾಡ ಅಂದ್ರು. ಅಮ್ಮಿಗಿ ಎಲ್ಲಾ ಹೇಳಿದೆ. ಬೈತಾರ ಅನಕೊಂಡಿದ್ದೆ. "ನಾ ಮಾಡಿದ ದುವಾ ಏನ್ ಹಾಳಾಗಂಗಿಲ್ಲ ಬೇಟಿ. ನಿನ್ನ ಲೆಕ್ಕಕ್ಕ ಬೀಳ್ತದ," ಅಂದ್ರು.

ಠಾಣೆಯಿಂದ ಫೋನ್. ನಾಳಿ ಬರಬೇಕಂತ.

ಮೇ 13

ಬರದು ಇಡಬೇಕು, ಮರಿಬಾರದು.

ಠಾಣೆಗಿ ಹೋಗೋದ್ರಾಗ ಬುದ್ಧಪ್ರಿಯ ಸರ್ ಬಂದು ಬೆಂಚಿನ ಮ್ಯಾಲೆ ಕೂತಿದ್ರು. ಬರಬ್ಯಾಡ್ರಿ ಅಂತ ನಾ ಹೇಳಿದ್ದೆ. ಸರ್ಕಾರಿ ನೌಕರಿ ಮನಷ್ಯಾ. ಇಸ್ತ್ರಿ ಅಂಗಿ, ಕೊಳ್ಳಾಗ ಕಾಲೇಜಿನ ಐಡಿ ಕಾರ್ಡ್ ಬ್ಯಾರೆ.

ಸಾಹೇಬ್ರು ಕೇಳಿದ್ರು, "ಯಾರು ಮಾಡಿದ್ದಿದು?"

"ನಾ ರೀ," ಅಂದೆ.

ಸರ್ ಎದ್ದು ನಿಂತ್ರು. "ಬಣ್ಣ ಅಷ್ಟ ಇವರದು ಸಾಹೇಬ್ರ. ಬೀಳೋದು ನಾ ಮಾಡಿದ್ದು."

ಸಾಹೇಬ್ರು ಒಂದು ಗಳಿಗಿ ಇಬ್ಬರ ಮಾರಿನೂ ನೋಡಿದ್ರು. ಮೂಲ ವಿಡಿಯೋ ತಗಸಿದ್ರು. ತಾರೀಖು ನೋಡಿದ್ರು — ಏಪ್ರಿಲ್, ಗದ್ದಲ ಶುರು ಆಗೋಕಿಂತ ಮೊದಲಿನದು. ಮ್ಯಾಲಿನ ಅಕ್ಷರ ಓದಿದ್ರು. ಮತ್ತ ಓದಿದ್ರು.

ಆವಾಗ ಬಾಗಿಲದಾಗ ಮೋನಮ್ಮ, ಹಾಲು ಹಾಕಾಕ ಮನಿಗಿ ಹೋಗಿ ಅಮ್ಮಿ ಕಡಿಂದ ಕೇಳಿ ಬಂದಾಳ. ಕೈಯಾಗ ಹಾಲಿನ ಕ್ಯಾನ್. ಪೊಲೀಸರು ತಡದ್ರ ನಿಲ್ಲವಲ್ಲಳು.

"ಈಕಿ ಬಂದು ಹೇಳಲಾರದಿದ್ರ ನಾ ಇಷ್ಟೊತ್ತಿಗಿ ಮಣ್ಣಾಗ ಹೋಗಿರ್ತಿದ್ದೆರಿ ಯಪ್ಪಾ. ಈಕಿನ್ನ ಯಾಕ ಕೂಡ್ಸೀರಿ?"

"ಕೂಡ್ಸಿಲ್ಲಬೇ, ಕೇಳಾಕತ್ತೀವಿ," ಅಂದ್ರು ಸಾಹೇಬ್ರು. ಕುರ್ಚಿ ಹಾಕಸಿದ್ರು ಆಕಿಗಿ.

ಕತ್ತರಿಸಿದವರು ಯಾರಂತ ಹುಡುಕಾಕತ್ತಾರಂತ, ಇಲ್ಲಿಯವರಲ್ಲಂತ. ನನ್ನ ಮ್ಯಾಲೆ ಏನಿಲ್ಲ. ಹೇಳಿಕಿ ಬರಕೊಂಡ್ರು, ಸಹಿ ಮಾಡಿದ್ವಿ. ಹೊಂಟಾಗ ಅಂದ್ರು — "ಅದು ಸುಳ್ಳು ಅಂತ ನೀವ ಕನ್ನಡದಾಗ ಒಂದು ವಿಡಿಯೋ ಮಾಡಿ ಬಿಡ್ರಿ. ನಮ್ಮ ಮಾತಿಗಿಂತ ಲಗೂ ಮುಟ್ಟತದ."

ಹೊರಗ ಬಂದು ಸರ್, ಮೋನಮ್ಮ, ನಾ ಕೂಡಿ ಚಾ ಕುಡದ್ವಿ.

ಮೇ 15

ನಿನ್ನೆ ವಿಡಿಯೋ ಮಾಡಿದ್ವಿ. ನಾ, ಸರ್, ನಡುವ ಮೋನಮ್ಮ. ಆಕಿ ಹೇಳಿದ್ದು ಒಂದ ಮಾತು — "ಒಳಗ ಯಾರಿಲ್ಲ, ನಾ ಬಗ್ಗಿ ನೋಡೀನಿ."

ಟೊಮಾಶ್‌ಗ ಕಳಸಿದೆ. ಇವತ್ತು ಮುಂಜಾನೆ ಎದ್ದು ನೋಡ್ತೀನಿ, ಗುಂಪಿನವರೆಲ್ಲ ತಮ್ಮ ತಮ್ಮ ಭಾಷಾದಾಗ ಅಂಥಾದ ವಿಡಿಯೋ ಮಾಡಿ ಹಾಕ್ಯಾರ. ಬ್ರೆಜಿಲಿನಾಕಿ ಕೂಸಿನ್ನ ತೊಡಿ ಮ್ಯಾಲೆ ಕೂಡಿಸ್ಕೊಂಡು ಮಾತಾಡ್ಯಾಳ. ಯಾರ ಮಾತೂ ತಿಳಿಲಿಲ್ಲ. ಎಲ್ಲರ ಬಾಯಾಗ ನನ್ನ ಹೆಸರು ಮಾತ್ರ ತಿಳೀತು — ನುಜ್ಹತ, ನುಜಾಟ್, ನೂಝತ್.

ನಾ ಅತ್ತುಬಿಟ್ಟೆ. ಅಂಜಿಕಿಗಿ ಅಲ್ಲ.

ಮೇ 17

ಮರಿಲಿಂಗಪ್ಪ ಫೋನ್ ಮಾಡ್ಯಾನ. ಮೋನಮ್ಮ ಹಾಲು ಹಾಕಿ, ಮ್ಯಾಲೆ ಇನ್ನೊಂದು ಮಾಪು ಹಾಕಿ, ನಕ್ಕೋತ ಕೂತ್ಲು. ಮೊದಲಿಂದ ಹೇಳಂದ್ರೂ ನಡುವಿಂದ ಹೇಳ್ತಾಳ.

"ಅವ ಹಾರಂಗೇ ಇಲ್ಲಂತ ಯವ್ವಾ. ನೆಲದ ಮ್ಯಾಲೆ ಟಾಯರ್, ಬ್ರೇಕ್ ನೋಡೋ ಕೆಲಸಂತ. ನಾ ಇಷ್ಟು ದಿನ ಊರ ಮಂದಿಗೆಲ್ಲ ನನ್ನ ಮಗ ಹಾರ್ತಾನ ಹಾರ್ತಾನ ಅಂದು ಬಿಟ್ಟೀನಿ."

"ಈಗೇನ್ ಹೇಳ್ತಿ?"

"ಏನ್ ಹೇಳೋದು. ಅವ ನೋಡದಿದ್ರ ಅದು ಹಾರ್ತದೇನು?"

ಖರೇ. ಹಾರಂಗಿಲ್ಲ.

ಜೂನ್ 1, ರವಿವಾರ, ಮಧ್ಯಾಹ್ನ

ನಿನ್ನೆ ಜಾಗ್ವಾರ್ ಇಂಟರ್ನೆಟ್ಟಿನಾಗ ಬಿಟ್ವಿ. ಪೈಲಟ್ ಗೊಂಬಿನೂ ಮುಗದದ. ಎಲ್ಲೆಲ್ಲಿಯವರೋ ಇಳಸಿಕೊಂಡು ಥ್ಯಾಂಕ್ಸ್ ಬರಿಯಾಕತ್ತಾರ. ಬ್ಯಾಡ ಅಂದಿದ್ದ ಕಾರ್ಡಿನವರೊಬ್ಬರು ಹೊಳ್ಳಿ ಬಂದ್ರು, ಬಾಗಿಲದಾಗ ನಿಂತು ಕಾಗದದ ದಪ್ಪ ಎಷ್ಟಂತ ಕೇಳಿದ್ರು. ನಾ ಹೇಳಿ ಆರ್ಡರ್ ಬರಕೊಂಡೆ.

ಯಾರ್ಯಾರಿಗಿ ಶುಕ್ರಿಯಾ ಹೇಳಬೇಕು, ಇವತ್ತು ಕೂತು ಬರಿಬೇಕಂತ ಮಾಡಿದ್ದೆ. ಆಗವಲ್ದು. ಮೋನಮ್ಮ ಸಜ್ಜಿ ರೊಟ್ಟಿ ಕಟಗೊಂಡು ಬಂದಾಳ, ಬಂದಾಕಿ "ನಾ ಒಮ್ಮಿ ನಡಸ್ಲೇನು?" ಅಂದ್ಲು. ಕಂಪ್ಯೂಟರ್ ಮುಂದ ಕೂಡಿಸೀನಿ. ಬಾಜೂಕ ಅಮ್ಮಿ ಕನ್ನಡಕ ಹಾಕ್ಕೊಂಡು ಕೂತಾರ. ಮನಿಯವರು ಕೂಲರ್ ಇವರಿಬ್ಬರ ಕಡಿ ತಿರಗಿಸ್ಯಾರ, ನನಗ ಗಾಳಿಲ್ಲ.

ಕೆಳಗ ಕಂದು ಗೆರಿ ಕಾಣ್ತದಲ್ಲ, ಅದು ಭೀಮಾ ಹೊಳಿ ಅಂದೆ. ನಂಬವಲ್ಲಳು. "ಹಂಗಾದ್ರ ನಮ್ಮ ಎಮ್ಮಿ ಎಲ್ಲಿ?" ಅಂತಾಳ. ಅಮ್ಮಿ, "ಮೆಲ್ಲಕ ಹೋಗು ಮೋನಮ್ಮ, ಮೆಲ್ಲಕ ಹೋದ್ರ ಕಾಣ್ತಾವ," ಅನ್ನಾಕತ್ತಾರ. ಮೆಲ್ಲಕ ಹೋದ್ರ ಬೀಳ್ತದ ಅಂತ ಸರ್ ಫೋನಿನಾಗ ಅಲ್ಲಿಂದ ಒದರಾಕತ್ತಾರ. ಇಬ್ಬರೂ ಕೇಳವಲ್ಲರು.

ಇಂಥಾ ದಿನ ನನ್ನ ಮನ್ಯಾಗ ಬಂತಲ್ಲ, ಯಾ ಅಲ್ಲಾ, ನಾ ಇದಕ್ಕ...

ಮೋನಮ್ಮ ಕರಿಯಾಕತ್ತಾಳ. ವಿಮಾನ ಇಳಸಬೇಕಂತ. ಗಾಲಿ ಇನ್ನಾ ಒಳಗ ಅದಾವ, ನಾ ಹೋಗಿ ಕೆಳಗ ಬಿಡಬೇಕು.