ದ್ಯಾಮವ್ವನ ತಿರುವಿನಲ್ಲಿ ಎರಡೂ ಕೈ

ಗಜೇಂದ್ರಗಡ
ಫೆಬ್ರವರಿ ಮೂವತ್ತು, 2168

ನೀಲಗಂಗಜ್ಜಿಗೆ ಶರಣು.

ತಾರೀಖು ನೋಡಿ ಹೌಹಾರಬೇಡ. ಫೆಬ್ರವರಿಗೆ ಅನ್ಯಾಯವಾಗಿದೆಯೆಂದು ನಮ್ಮ ಕಾಲದವರು ಅದಕ್ಕೆ ಇನ್ನಷ್ಟು ದಿನ ಸೇರಿಸಿದ್ದಾರೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೋ. ಈ ಪತ್ರ ಬರುತ್ತಿರುವುದು ಹಿನ್ನಂಚೆಯಲ್ಲಿ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಟಪಾಲಿನಲ್ಲಿ. ಅದರಲ್ಲಿ ಪ್ರೀತಿಯನ್ನು ಎಷ್ಟು ಬೇಕಾದರೂ ಬರೆಯಬಹುದು, ಮುಂದೆ ನಡೆಯುವುದನ್ನು ಮಾತ್ರ ಬರೆಯಕೂಡದು.

ನಿನ್ನ ಸಿಟ್ಟು ನನಗೆ ಗೊತ್ತು. ಶಾಲೆಯ ವ್ಯಾನು ಓಡಿಸುವ ನೀನು ದ್ಯಾಮವ್ವನ ಗುಡಿಯ ತಿರುವು ಬಂದಾಗಲೆಲ್ಲ ಸ್ಟೇರಿಂಗ್ ಬಿಟ್ಟು ಎರಡೂ ಕೈ ಜೋಡಿಸುತ್ತೀ. ಕ್ಯಾಮೆರಾ ಅದನ್ನು ಹಿಡಿದು ಹಿಡಿದು ನಿನ್ನ ಲೈಸೆನ್ಸಿನ ಮೇಲೆ ದಂಡದ ಪಾಯಿಂಟು ಏರಿಸಿದೆ. ಇನ್ನೊಂದು ಬಿದ್ದರೆ ಲೈಸೆನ್ಸೇ ರದ್ದು. ನಾಳೆ ಸಂಚಾರ ನಿಯಮದ ತರಗತಿಯಲ್ಲಿ ಕೂತು, ಓದಿ, ಪರೀಕ್ಷೆ ಪಾಸಾದರೆ ಪಾಯಿಂಟು ಇಳಿಯುತ್ತದೆ. ನೀನೋ, ನೋಟೀಸು ತಂದವನ ಮುಂದೆ ಅಂಗಳದಲ್ಲಿ ನಿಂತು, "ನಿಮ್ಮಪ್ಪ ಹುಟ್ಟೂಕಿಂತ ಮೊದಲ ಸ್ಟೇರಿಂಗ್ ಹಿಡದಾಕಿ ನಾ! ದೇವರಿಗೆ ಕೈ ಮುಗದ್ರ ತಪ್ಪೇನು? ಈ ವಯಸ್ಸಿನ್ಯಾಗ ಪಾಟಿ ಹಿಡಕೊಂಡು ಕುಂದ್ರಂಗಿಲ್ಲ, ಹೋಗ್ರಿ!" ಎಂದು ಓಣಿಯೆಲ್ಲ ಕೇಳುವಂತೆ ಕೂಗಿದ್ದೀ. ನಮ್ಮ ಮನೆಯಲ್ಲಿ ಮಕ್ಕಳನ್ನು ನಗಿಸಲು ಇಂದಿಗೂ ಹೇಳುವ ಕಥೆ ಅದು.

ಇಲ್ಲಿ ಗಾಲಿಯ ಗಾಡಿಗಳಿಲ್ಲ. ನೆಲದಿಂದ ಮೊಳದೆತ್ತರ ತೇಲುವ ಹಗುರಗಾಡಿಗಳಿವೆ. ಆದರೆ ದಂಡದ ಪಾಯಿಂಟು ಇದೆ ನನ್ನವ್ವ, ಅದೊಂದು ಹೋಗಿಲ್ಲ. ಪಾಯಿಂಟು ಬಿದ್ದವರು ತಾವು ಮುರಿದ ನಿಯಮವನ್ನು ಕಲಿತು, ನೆರೆಯವರೊಬ್ಬರಿಗೆ ಕಲಿಸಬೇಕು, ಆಗ ಅಳಿಸುತ್ತಾರೆ. ಇದಕ್ಕೆ ‘ಕಲಿತೊರೆಸು’ ಎಂದು ಹೆಸರು. ನಿನ್ನೆ ಎದುರುಮನೆಯ ಸಂಗನಬಸಣ್ಣ ಹಾರ್ನಿನ ನಿಯಮ ಕಲಿಸಲು ಬಂದು, ನಾನು ಬಡಿದ ರೊಟ್ಟಿ ತಿಂದು, ಅಗಸಿ ಚಟ್ನಿಗೆ ಖಾರ ಸಾಲದೆಂದು ಅದರ ಪಾಠವನ್ನೂ ಹೇಳಿ ಹೋದ. ಇನ್ನೊಂದು ಪದ್ಧತಿಯಿದೆ. ಹೊರಡುವ ಮುನ್ನ ನಾವೆಲ್ಲ ಗಾಡಿಯ ಮುಂದೆ ನೆಲದ ಮೇಲೆ ನಿಂತು, ದಾರಿಯಲ್ಲಿ ಸಿಗುವ ದೇವರಿಗೆಲ್ಲ ಒಂದೇ ಸಲಕ್ಕೆ ಕೈ ಮುಗಿಯುತ್ತೇವೆ: "ಇಲ್ಲಿಂದನ ಶರಣವ್ವ, ಅಲ್ಲಿ ಕೈ ಖಾಲಿ ಇರಂಗಿಲ್ಲ." ಇದನ್ನು ಊರೆಲ್ಲ ನೀಲಗಂಗವ್ವನ ಶರಣು ಎನ್ನುತ್ತದೆ. ತರಗತಿಯಿಂದ ಬಂದ ಮೇಲೆ ನೀನೇ ಶುರುಮಾಡಿದ್ದು.

ಇಷ್ಟು ಹೇಳಿದ್ದೇ ತಪ್ಪು. ಹೇಗೂ ನಿಯಮ ಮುರಿದಾಯಿತು, ಪೂರ್ತಿ ಹೇಳಿಬಿಡುತ್ತೇನೆ. ತರಗತಿಯ ಮರುದಿನ ಬೆಳಿಗ್ಗೆ, ಅದೇ ತಿರುವಿನಲ್ಲಿ, ತಪ್ಪಿಸಿಕೊಂಡ ಆಡಿನ ಮರಿಯ ಹಿಂದೆ ಹಸಿರು ಲಂಗದ ಹುಡುಗಿಯೊಬ್ಬಳು ರಸ್ತೆಗೆ ಓಡಿಬರುತ್ತಾಳೆ. ಆಗ ನಿನ್ನ ಎರಡೂ ಕೈ ಸ್ಟೇರಿಂಗ್ ಮೇಲಿರಬೇಕು, ಅಜ್ಜಿ. ದ್ಯಾಮವ್ವ ಸಿಟ್ಟಾಗುವುದಿಲ್ಲ. ಆ ಮಗುವೂ ಅವಳದೇ ಅಲ್ಲವೇ? ನೀನು ಹೋಗಿ ಕಲಿತದ್ದರಿಂದಲೇ ನಾನಿದ್ದೇನೆ. ಆದರೂ ಅಂಗಳದಲ್ಲಿನ ನಿನ್ನ ಹಟ ನೆನೆದು ಈ ಪತ್ರ ಬರೆಯಲು ಕೂತೆ.

ಇದನ್ನು ಬರೆದದ್ದಕ್ಕೆ ನನಗೂ ಪಾಯಿಂಟು ಬೀಳುತ್ತದೆ. ಬೀಳಲಿ ಬಿಡು. ನಾಳೆ ನಾನೂ ಹಿನ್ನಂಚೆಯ ನಿಯಮ ಕಲಿಯಲು ಕೂರುತ್ತೇನೆ. ಅಲ್ಲಿ ನೀನು ಕೂರು, ಇಲ್ಲಿ ನಾನು.

ಒಂದು ಮಾತು ಉಳಿಯಿತು. ಮೊದಲಿನಿಂದ ಅಜ್ಜಿ ಎನ್ನುತ್ತಿದ್ದೇನೆ, ಆದರೆ ನಾನು ನಿನ್ನ ವಂಶದವಳಲ್ಲ. ಆ ಹಸಿರು ಲಂಗದ ಹುಡುಗಿಯ ಮೊಮ್ಮಗಳ ಮೊಮ್ಮಗಳು. ನಮ್ಮ ಮನೆಯಲ್ಲಿ ಹಿರಿಯ ಹೆಣ್ಣುಮಗುವಿಗೆಲ್ಲ ಒಂದೇ ಹೆಸರಿಡುತ್ತಾರೆ.

ಇತಿ,
ನೀಲಗಂಗಾ