ಮೇದೋಜೀರಕಕ್ಕೆ ಔಷಧಿ, ಮಿದುಳಿಗೆ ಉಪದೇಶ

ಜಿಲ್ಲಾ ಆರೋಗ್ಯ ಕಚೇರಿಯ ಮುಖ್ಯಸ್ಥರಾದ ಮಾನ್ಯರೇ,

ನಮ್ಮ ಕಣಿವೆಯ ಔಷಧಾಲಯದಲ್ಲಿ, ಮನಸ್ಸಿನ ವಿಪರೀತ ಏರಿಳಿತವನ್ನು ಹಿಡಿದಿಡುವ ಲಿಥಿಯಂ ಮಾತ್ರೆ ಇಲ್ಲ. ಹಿಮ ಬಿದ್ದು ಘಟ್ಟದ ದಾರಿ ಮುಚ್ಚಿದರೆ ವಸಂತದವರೆಗೆ ಬರುವುದೂ ಇಲ್ಲ. ಆ ಮಾತ್ರೆ ಸಿಗದೆ ನನ್ನ ತಮ್ಮ ಜೋಮಾರ್ತ್ ತೀರಿಹೋದ. ಅದೇ ಕಾಯಿಲೆಯ ತಂಗಿ ನುರ್ಜಾತ್ ಅದೇ ಮಾತ್ರೆಯಿಂದ ಬದುಕಿದ್ದಾಳೆ. ನಾನು ಓದಿದ್ದು ಹಳ್ಳಿಯ ಶಾಲೆಯಲ್ಲಿ. ತಪ್ಪಿದ್ದರೆ ತಿದ್ದಿ, ಜನರನ್ನು ತಿದ್ದುವುದು ತಮಗೆ ಇಷ್ಟವೆಂದು ಬಲ್ಲೆ.

ಕಳೆದ ಚಳಿಗಾಲ ತಮ್ಮ ಕಚೇರಿಗೆ ಬಂದು ಕೇಳಿದಾಗ ತಾವು ನಕ್ಕಿರಿ. "ನೋಡಮ್ಮ, ಇಡೀ ಕಣಿವೇಲಿ ಅದನ್ನ ನುಂಗೋರು ಇಬ್ಬರು, ಇಬ್ಬರೂ ನಿಮ್ಮನೆಯವರೇ. ಅದಕ್ಕೇ ತರಿಸೋದು ನಿಲ್ಲಿಸಿದ್ವಿ. ತಲೇಲಿ ರಸ ಹೆಚ್ಚುಕಡಿಮೆ ಅನ್ನೋದೆಲ್ಲ ಪಟ್ಟಣದವರ ಕಥೆ. ಮೈಬಗ್ಗಿಸಿ ಕೆಲಸ ಮಾಡ್ಸು, ಕುದುರೆ ಹಾಲು ಕುಡಿಸು. ನಮ್ಮ ತಾತಂದಿರಿಗೆ ಇಂಥ ಕಾಯಿಲೆ ಇತ್ತಾ?"

ನಡುಚಳಿಯಲ್ಲಿ ಯಾವ ಕುದುರೆ ಹಾಲು ಕೊಡುತ್ತದೆಂದು ಕೇಳುವ ಧೈರ್ಯ ನನಗಾಗಲಿಲ್ಲ. ತಾತಂದಿರಿಗೂ ಇತ್ತು, ಮಾನ್ಯರೇ. ಅವರನ್ನು ಕಂಬಕ್ಕೆ ಕಟ್ಟುತ್ತಿದ್ದರು. ಆ ಚಿಕಿತ್ಸೆಯನ್ನು ಮರಳಿ ತರುವ ಆಲೋಚನೆ ಇದೆಯೇ?

ಮನೆಯಲ್ಲಿ ಉಳಿದಿದ್ದ ಮಾತ್ರೆಗಳನ್ನು ಜೋಮಾರ್ತ್ ತಂಗಿಯ ಕಡೆ ತಳ್ಳಿದ. "ನೀನು ನುಂಗೇ, ಚಿಕ್ಕೋಳು. ನನಗೆ ಸಗಣಿ ಎತ್ತಿದ್ರೆ ಸಾಕಂತಲ್ಲ, ಸಾಹೇಬ್ರೇ ಹೇಳಿದಾರೆ," ಎಂದು ನಗಿಸಿದ. ಎಳೆ ಕುರಿಮರಿಗಳನ್ನು ಕೋಟಿನೊಳಗೆ ಬೆಚ್ಚಗಿಟ್ಟುಕೊಂಡು ತಿರುಗುತ್ತಿದ್ದವನು ಅವನು. ವಸಂತ ಬರುವಷ್ಟರಲ್ಲಿ ಅವನಿಗೆ ನಿದ್ದೆಯೇ ಇಲ್ಲದಾಯಿತು. ಪಕ್ಕದ ಮನೆಯ ಮುದುಕನ ಕೆನ್ನೆಗೆ ಹೊಡೆದ, ನಮ್ಮ ಒಲೆಯ ಕೊಳವೆ ಕಿತ್ತ. ಕೊನೆಗೆ ಹಿಮ ಕರಗಿ ಹೊಳೆ ಉಕ್ಕಿದ ದಿನ ಕುದುರೆ ಏರಿದ. "ಹೊಳೆ ನನಗೆ ದಾರಿ ಬಿಡುತ್ತೆ, ಅಕ್ಕ, ನೋಡ್ತಿರು!" ನೋಡುತ್ತಲೇ ಇದ್ದೆ. ಕುದುರೆ ಮಾತ್ರ ದಡಕ್ಕೆ ಬಂತು.

ನಮ್ಮಲ್ಲಿ ಸಾವಿಗೆ ಬರುವ ಗಂಡಸರು ದೂರದಿಂದಲೇ ಗಟ್ಟಿಯಾಗಿ ಅಳುತ್ತಾ ಬರಬೇಕು. ತಾವೂ ಬಂದಿರಿ. "ಅಯ್ಯೋ ನನ್ನ ತಮ್ಮನೇ, ಹೋದೆಯಾ!" ಎಂಬ ತಮ್ಮ ಕೂಗು ಎಲ್ಲರ ಕೂಗನ್ನೂ ಮೀರಿಸಿತು. ಆಮೇಲೆ ಸೂತಕಕ್ಕೆಂದು ಹಾಕಿದ ಗುಡಾರದಲ್ಲಿ ಕುಳಿತು, "ಹುಡುಗನ ಸ್ವಭಾವವೇ ಒರಟು. ಬೆಳೆಸಿದ ರೀತಿ ಸರಿಯಿರಲಿಲ್ಲ," ಎಂದು ತೀರ್ಪು ಕೊಟ್ಟಿರಿ. ಮಾಂಸದ ತಟ್ಟೆ ಮುಂದೆ ಬಂದಾಗ ಅಂಗಿ ಎತ್ತಿ ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಂಡಿರಿ. ನಮ್ಮ ಸೋದರತ್ತೆ ಕೇಳಿಯೇಬಿಟ್ಟಳು: "ಅಲ್ಲಪ್ಪಾ, ನಿನ್ನ ಹೊಟ್ಟೆಗೆ ಸೂಜಿ ಯಾಕೆ? ಎರಡು ಬುದ್ಧಿಮಾತು ಹೇಳಿ ನೋಡಬಾರದಾ?" ತಾವು ಬ್ರೆಡ್ಡು ಮುರಿದಿರಿ.

ಪಟ್ಟಣದ ವೈದ್ಯೆ ನನಗೆ ತಿಳಿಯುವಂತೆ ಹೇಳಿದ್ದರು: ಮಿದುಳೂ ಮೈಯ ಒಂದು ಅಂಗ, ಅದರ ರಸಾಯನ ಕೆಟ್ಟರೆ ಮೆತ್ತಗಿನ ಮನುಷ್ಯನೂ ಕೈ ಎತ್ತಬಹುದು. ಎಲ್ಲ ಸಿಟ್ಟೂ ಕಾಯಿಲೆಯಲ್ಲ, ಈ ಕಾಯಿಲೆ ಬಂದವರೆಲ್ಲ ಹೊಡೆಯುವುದೂ ಇಲ್ಲ. ನಿದ್ದೆ, ದುಃಖ, ಮನೆಯವರ ಮಾತು ಎಲ್ಲಕ್ಕೂ ಪಾಲಿದೆ ಎಂದೂ ಹೇಳಿದರು. ಆದರೆ ಮಾತ್ರೆಯಿಲ್ಲದೆ ಇವರಿಬ್ಬರೂ ನಿಲ್ಲಲಾರರು ಎಂದಿದ್ದರು. ಇನ್ಸುಲಿನ್ ತಯಾರಿಸುವ ತಮ್ಮ ಮೇದೋಜೀರಕ ಸೋತರೆ ಅದು ದುರದೃಷ್ಟ. ನನ್ನ ತಮ್ಮನ ಮಿದುಳು ಸೋತರೆ ಅದು ದುರ್ನಡತೆ. ಕುತ್ತಿಗೆಯ ಕೆಳಗೆ ವಿಜ್ಞಾನ, ಮೇಲೆ ನೀತಿಪಾಠ. ಈ ಗಡಿಯನ್ನು ಹಾಕಿದವರು ಯಾರು?

ಹಿಮಕ್ಕೆ ಮೊದಲೇ ಇನ್ಸುಲಿನ್ ಘಟ್ಟ ದಾಟಿ ಬಂದು ತಮ್ಮ ಶೀತಪೆಟ್ಟಿಗೆ ಸೇರುತ್ತದೆ. ಬರಲಿ, ಅದರ ಪಕ್ಕದಲ್ಲೇ ಲಿಥಿಯಂ ಕೂಡ ಬರಲಿ. ಆಗಾಗ ರಕ್ತ ಪರೀಕ್ಷಿಸದೆ ಪಟ್ಟಣದವರು ಹೆಚ್ಚು ಮಾತ್ರೆ ಕೊಡುವುದಿಲ್ಲ. ಆದ್ದರಿಂದ ದಾರಿ ಮುಚ್ಚುವ ಮುನ್ನ ಚಳಿಗಾಲಕ್ಕೆ ಸಾಲುವಷ್ಟು ಮಾತ್ರೆಯನ್ನೂ ಆ ಪರೀಕ್ಷೆಯ ವ್ಯವಸ್ಥೆಯನ್ನೂ ನಮ್ಮ ಆಸ್ಪತ್ರೆಗೆ ತರಿಸಿ. ಇದು ಬೇಡಿಕೆ, ಬೇಡುವುದಲ್ಲ.

ತಂಗಿಯ ಹೆಸರು ಬರೆದರೆ ಅವಳ ಮದುವೆಗೆ ಅಡ್ಡಿಯಾದೀತೆಂದು ನಾನು ಅಳುಕಿದೆ. ನುರ್ಜಾತ್ ನನ್ನ ಭುಜ ಅಲುಗಿಸಿದಳು: "ಬರಿಯೇ ಅಕ್ಕ. ಮದುವೆ ಆಗ್ದಿದ್ರೆ ಇಲ್ಲೇ ಇದ್ದು ನಿನ್ನ ತಲೆ ತಿಂತೀನಿ. ಅದಕ್ಕೆ ಬದುಕಿರಬೇಕಲ್ಲ, ಮೊದಲು?"

ಇಂತಿ,
ತಲೆ ತಿನ್ನಿಸಿಕೊಳ್ಳಲು ಸಿದ್ಧಳಾಗಿ ಕಾದಿರುವ
ಬುರುಲ್ಚಾ